ಲಾಸ್ಟ್ ಸ್ಟಾಪ್ ಅಕ್ಕ

ಪಕ್ಕದ ಮನೆಯ ಅಕ್ಕನ ಬಟ್ಟೆ ಒಣಗಿಸುವ ತಂತಿಯ ಮೇಲೆ ಮಳೆಗಾಲ ಹಿಡಿಯುತ್ತಿದ್ದಂತೆ ಹಾಲಿನ ಕವರ್‌ಗಳು ತೂಗಾಡಲು ಶುರುವಾಗುತ್ತಿದ್ದವು. ಸೋಪಿನ ನೀರಿನಲ್ಲಿ ತೊಳೆದು, ಒಳಹೊರಗು ಮಾಡಿ, ಕ್ಲಿಪ್ ಹಾಕಿ ಸಾಲಾಗಿ ನೇತುಹಾಕಿದ ಕವರ್‌ಗಳು. ಗಾಳಿ ಬಂದಾಗ ಪಟಪಟ ಎನ್ನುತ್ತಿದ್ದವು. ಕುವೆಂಪುನಗರದ ನಮ್ಮ ಬೀದಿಗೆ ಹೊಸದಾಗಿ ಬಂದವರು ಇದನ್ನು ನೋಡಿ, ಈಯಮ್ಮನಿಗೆ ಎಲ್ಲೋ ಒಂದು ಸುತ್ತು ಸಡಿಲವಿರಬೇಕು ಎಂದುಕೊಳ್ಳುತ್ತಿದ್ದರು. ಹಳಬರಾದ ನಮಗೆ ಗೊತ್ತಿತ್ತು, ಅಕ್ಕ ಘಟ್ಟಕ್ಕೆ ಹೊರಡುವ ತಯಾರಿ ಶುರು ಮಾಡಿದ್ದಾರೆ ಎಂದು. ಬೆಂಕಿಪೊಟ್ಟಣಕ್ಕೊಂದು ಕವರ್, ಫೋನಿಗೊಂದು, ಜಿಗಣೆಗೆ ಹಾಕುವ ಉಪ್ಪಿಗೊಂದು, ಒಣ ಕಾಲುಚೀಲಕ್ಕೊಂದು. ದಸರಾ ಹೊತ್ತಿಗೆ ಅವರ ಹತ್ತಿರ ಒಂದು ದೊಡ್ಡ ಕಟ್ಟೇ ಆಗಿರುತ್ತಿತ್ತು.

ಈ ವರ್ಷದ ಆಷಾಢದಲ್ಲಿ ಅವರ ಮಗಳು ಫೋನ್ ಮಾಡಿ, "ಅಮ್ಮ ಹೋಗ್ಬುಟ್ರು ಆಂಟಿ" ಎಂದಾಗ ನನಗೆ ಮೊದಲು ನೆನಪಾದದ್ದು ಆ ತಂತಿ. ಅವರ ಮುಖ ಆಮೇಲೆ ಬಂತು. ಹೊರಗೆ ಜಿಟಿಜಿಟಿ ಮಳೆ. ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ ಕಾಂಪೌಂಡಿನ ಆಚೆ ನೋಡಿದೆ. ಅಕ್ಕ ಮಗಳ ಮನೆಗೆ ಹೋದ ಮೇಲೆ ಆ ಮನೆಗೆ ಬಾಡಿಗೆಗೆ ಬಂದವರು ತಂತಿಯನ್ನೇ ಬಿಚ್ಚಿದ್ದರು.

ಹಿಂದೆ ದೂರದ ಊರಿಗೆ ಫೋನ್ ಮಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತಲ್ಲ, ಆ ಕಾಲದಲ್ಲಿ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿಂದೂರಿಗೆ ಲೈನ್ ಜೋಡಿಸುವ ಕೆಲಸ. ನಿವೃತ್ತಿಯಾಗಿ ವರ್ಷಗಳು ಕಳೆದರೂ ಆ ಭಾಷೆ ಅವರನ್ನು ಬಿಟ್ಟಿರಲಿಲ್ಲ. ಹಿತ್ತಲಿನಿಂದ ಕರೆದರೆ, "ಹೋಲ್ಡ್ ಮಾಡು, ಒಲೆ ಮೇಲೆ ಹಾಲಿದೆ" ಎನ್ನುವರು. ಹರಟೆ ಮುಗಿಸಿ ಏಳುವಾಗ, "ಸರಿ ಕಣೇ, ಲೈನ್ ಕಟ್ ಮಾಡ್ತೀನಿ." ಅವರ ದನಿ ಜೋರಲ್ಲ. ಆದರೆ ಎಂಥ ಗದ್ದಲದಲ್ಲೂ ಸೀದಾ ಬಂದು ಕಿವಿಯೊಳಗೆ ಕೂರುತ್ತಿತ್ತು. ತರಕಾರಿ ಗಾಡಿಯವನು ಬೀದಿಯ ತುದಿ ದಾಟಿದ ಮೇಲೂ ಅಕ್ಕ ಬಾಗಿಲಲ್ಲಿ ನಿಂತು ಮೆಲ್ಲಗೆ "ಹುರುಳಿಕಾಯಿ ಇದ್ಯೇನಪ್ಪಾ" ಎಂದರೆ ಗಾಡಿ ತಿರುಗುತ್ತಿತ್ತು.

ನನಗೂ ಮಳೆಗೂ ಎಂದೂ ಆಗಿಬಂದಿಲ್ಲ. ನಮ್ಮಪ್ಪ ನರಸೀಪುರದ ಕಡೆಯ ರೈತ, ಅವರಿಗೆ ಮಳೆ ಅಂದರೆ ಹೊಲ. ಬ್ಯಾಂಕಿನಲ್ಲಿ ಗುಮಾಸ್ತೆಯಾದ ನನಗೆ ಮಳೆ ಅಂದರೆ ಒಣಗದ ಬಟ್ಟೆ, ಸ್ಟಾರ್ಟ್ ಆಗದ ಸ್ಕೂಟರ್. ಇಂಥ ನನ್ನನ್ನು ಅಕ್ಕ ಎಳೆದುಕೊಂಡು ಹೋದದ್ದು ಡಾಕ್ಟರ ನೆಪದಲ್ಲಿ. ಸಕ್ಕರೆ ಕಾಯಿಲೆ ಹೊಸಿಲಲ್ಲಿ ನಿಂತಿದೆ, ದಿನಾ ನಡೀರಿ ಎಂದು ಡಾಕ್ಟರು ಹೇಳಿದ್ದನ್ನು ನಾನು ಅಕ್ಕನ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು.

"ನಡೆಯೋದು ಅಂದ್ರೆ ಪಾರ್ಕಲ್ಲಿ ಗಿರಕಿ ಹೊಡೆಯೋದಲ್ಲ ಕಣೇ. ನಂಜೊತೆ ಬಾ" ಎಂದರು.

ಅವರ ಅಭ್ಯಾಸದ ಕ್ರಮವೇ ಬೇರೆ. ಬೆನ್ನಿನ ಬ್ಯಾಗಿಗೆ ರಾಗಿ ತುಂಬಿಕೊಂಡು, ಸೋನೆ ಹಿಡಿದಾಗಲೇ ಹೊರಬಿದ್ದು, ಛತ್ರಿಯನ್ನು ಮಡಚಿ ಕೈಯಲ್ಲಿ ಹಿಡಿದು ಬಡಾವಣೆ ಸುತ್ತುವುದು. ಸ್ಕೂಟರಿನಲ್ಲಿ ಹೋಗುವವರು ಪಾಪ ಅನ್ನಿಸಿ ನಿಲ್ಲಿಸುವರು. "ಅಮ್ಮಾ, ಛತ್ರಿ ಬಿಚ್ಚಕ್ಕಾಗ್ತಿಲ್ವಾ?" "ಬಿಚ್ಚಕ್ಕೆ ಬರುತ್ತೆ ಕಣಪ್ಪ, ನೆನೆಯೋದು ಕಲೀತಿದ್ದೀನಿ." ಮನೆಗೆ ಬಂದು ಆ ರಾಗಿಯನ್ನೇ ಒಣಗಿಸಿ, ಬೀಸಿಸಿ, ಮುದ್ದೆ ಮಾಡಿ ನನಗೂ ಬಡಿಸುವರು. "ಮಳೆ ಕಂಡ ರಾಗಿ, ರುಚಿ ನೋಡು." ಅದರಲ್ಲಿ ಅಂಥ ರುಚಿಯೇನೂ ಇರಲಿಲ್ಲ. ಆದರೂ ಹೂಂ ಎಂದು ನುಂಗುತ್ತಿದ್ದೆ.

ಅವರದೊಂದು ಸಣ್ಣ ಗುಂಪು. ಘಟ್ಟದ ನೆತ್ತಿಯುದ್ದಕ್ಕೂ ಹಾವಿನಂತೆ ಸಾಗುವ ಒಂದು ಉದ್ದದ ಕಾಲುದಾರಿಯಿದೆ. ಅದನ್ನು ಒಂದೇ ಸಲ ನಡೆದು ಮುಗಿಸುವುದು ನಮ್ಮಂಥ ಸಂಸಾರವಂದಿಗರಿಗೆ ಆಗುವ ಮಾತಲ್ಲ. ಹಾಗಾಗಿ ವರ್ಷಕ್ಕೊಂದು ತುಂಡು. ಕೊಡಗಿನ ಅಂಚಿನಿಂದ ಶುರು ಮಾಡಿ, ಪ್ರತಿ ದಸರಾ ರಜೆಯಲ್ಲಿ ಹೋದ ವರ್ಷ ನಿಲ್ಲಿಸಿದಲ್ಲಿಂದ ಮುಂದಕ್ಕೆ. ಲೋಕವೆಲ್ಲ ಮೈಸೂರಿನ ದೀಪ ನೋಡಲು ಬರುವ ಹೊತ್ತಿಗೆ ನಾವು ರೇನ್‌ಕೋಟ್ ಕಟ್ಟಿಕೊಂಡು ಮೈಸೂರು ಬಿಡುತ್ತಿದ್ದೆವು. ಅಷ್ಟು ಹೊತ್ತಿಗೆ ಮುಂಗಾರು ಮುಗಿದಿರುತ್ತದೆ ಎಂಬುದು ಲೆಕ್ಕಾಚಾರ. ಘಟ್ಟದ ಮಳೆ ನಮ್ಮ ಲೆಕ್ಕಾಚಾರ ಕೇಳಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಗುಂಪಿನ ಮುಂದಾಳು ಬನ್ನಿಮಂಟಪದಲ್ಲಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು. ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಆದರೆ ಏರಿನಲ್ಲಿ ಮೇಕೆ. ಗುಂಪಿನಲ್ಲಿ ಯಾರೂ ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ, ಮೈಸೂರಿನಲ್ಲಿ ಅವರವರ ಬಡಾವಣೆಯೇ ಹೆಸರು. ಆತ ಬನ್ನಿಮಂಟಪ. ಕನ್ನಡಕ ಒರೆಸುತ್ತಲೇ ನಡೆಯುವ ಕಾಲೇಜು ಮೇಡಂ ಸರಸ್ವತಿಪುರಂ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ, ಮಾತೇ ಆಡದ ಮನುಷ್ಯ ಹೆಬ್ಬಾಳು. ನಾನು ಕುವೆಂಪುನಗರ. ಇನ್ನೂ ಮೂವರೋ ನಾಲ್ವರೋ ಹೀಗೆಯೇ. ಇದು ಬರಿಯ ತಮಾಷೆಯಾಗಿರಲಿಲ್ಲ. ಮೇಲೆ ಮಂಜು ಇಳಿದರೆ ಐದಾರು ಹೆಜ್ಜೆ ಆಚೆಯವರೂ ಕಾಣುವುದಿಲ್ಲ. ಆಗ ಬನ್ನಿಮಂಟಪ ನಿಂತು, ಸಿಟಿ ಬಸ್ಸಿನ ಕಂಡಕ್ಟರನ ರಾಗದಲ್ಲಿ "ಬನ್ನಿಮಂಟಪಾ!" ಎಂದು ಕೂಗುವುದು. ಅದು ಕೇಳಿಸಿದವರು ತಮ್ಮ ಸ್ಟಾಪಿನ ಹೆಸರು ಕೂಗುವುದು. ಒಬ್ಬರಿಂದ ಒಬ್ಬರಿಗೆ ಹಿಂದಕ್ಕೆ ಸಾಗುತ್ತಾ, ಹೆಬ್ಬಾಳು ದಾಟಿ, ನನ್ನ "ಕುವೆಂಪುನಗರ" ಆದ ಮೇಲೆ ಎಲ್ಲರಿಗಿಂತ ಹಿಂದಿನಿಂದ ಅಕ್ಕನ ದನಿ ಬರಬೇಕು.

"ಲಾಸ್ಟ್ ಸ್ಟಾಪ್!"

ಆ ದನಿ ಕೇಳಿಸುವ ತನಕ ಬನ್ನಿಮಂಟಪ ಒಂದು ಹೆಜ್ಜೆ ಮುಂದೆ ಇಡುತ್ತಿರಲಿಲ್ಲ. ಕೇಳಿಸಿದರೆ ಸಾಲು ಪೂರ್ತಿ ಇದೆ ಎಂದರ್ಥ.

ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ನನಗೆ ಅದೇ ಕೇಳಿಸುತ್ತದೆ. ಬೆಳ್ಳಗಿನ ಶೂನ್ಯ, ರೇನ್‌ಕೋಟಿನ ಟೋಪಿಯ ಮೇಲೆ ಮಳೆಯ ಟಪಟಪ, ಎದೆಮಟ್ಟದ ಒದ್ದೆ ಹುಲ್ಲು, ಅದರೊಳಗಿಂದ ಒಂದೊಂದಾಗಿ ಹುಟ್ಟಿ ಬರುವ ಮೈಸೂರಿನ ಬಡಾವಣೆಗಳು. ಇಡೀ ಊರನ್ನು ಬಿಡಿಸಿ ಮೋಡದೊಳಗೆ ಹಗ್ಗಕ್ಕೆ ಕಟ್ಟಿದ ಹಾಗೆ. ಹೆಬ್ಬಾಳಿಗೂ ಕುವೆಂಪುನಗರಕ್ಕೂ ನಡುವೆ ಒಂದು ಪ್ರಪಾತವಿದೆ, ಸರಸ್ವತಿಪುರಂನಲ್ಲಿ ಆನೆ ಲದ್ದಿ ಬಿದ್ದಿದೆ ಎಂದರೆ ಅಲ್ಲಿ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ನಾನು ಕೆಲವು ಸಲ ನಡೆಯುತ್ತಲೇ ನಿದ್ದೆ ಹೋಗುತ್ತಿದ್ದೆನೋ ಏನೋ. ಹಿಂದಿನಿಂದ "ಲಾಸ್ಟ್ ಸ್ಟಾಪ್" ಎಂದು ಬಂದಾಗ ಎಚ್ಚರವಾಗುತ್ತಿತ್ತು. ಜೊತೆಗೆ, ಯಾಕೆಂದು ಹೇಳಲಾರೆ, ಒಂದು ನೆಮ್ಮದಿಯೂ ಆಗುತ್ತಿತ್ತು.

ಅಕ್ಕ ಯಾಕೆ ಯಾವಾಗಲೂ ಕೊನೆಯಲ್ಲೇ ಎಂದು ಒಮ್ಮೆ ಕೇಳಿದ್ದೆ. ಹುರುಳಿಕಾಯಿಯ ನಾರು ತೆಗೆಯುತ್ತಾ ಕುಳಿತಿದ್ದರು.

"ಸುರು ಸುರುನಲ್ಲಿ ಈ ಕೂಗೋದು ಗೀಗೋದು ಏನೂ ಇರ್ಲಿಲ್ಲ ಕಣೇ. ಒಂದ್ಸಲ ನಾನು ಶೂ ದಾರ ಕಟ್ಟಕ್ಕೆ ನಿಂತೆ. ಮುಂದಿನೋರು ನಾನು ಹಿಂದಿನೋರ ಜೊತೆ ಇದ್ದೀನಿ ಅಂದ್ಕೊಂಡ್ರು, ಹಿಂದಿನೋರು ಮುಂದೋಗಿದ್ದೀನಿ ಅಂದ್ಕೊಂಡ್ರು. ಎಲ್ರೂ ಹೊರಟೋದ್ರು. ಮಂಜು. ನಾನೊಬ್ಳೇ ಬಂಡೆ ಕೆಳಗೆ, ಸಾಯಂಕಾಲದ ತನಕ."

"ಅಳು ಬರ್ಲಿಲ್ವಾ ಅಕ್ಕ?"

"ಇಲ್ಲ ಕಣೇ. ಹಸಿವೂ ಆಗ್ಲಿಲ್ಲ. ಊರಿಂದೂರಿಗೆ ಲೈನ್ ಕೊಟ್ಟೋಳು ನಾನು, ನನ್ನ ಕಡೆಗೆ ಯಾರೂ ಒಂದು ಲೈನ್ ಹಾಕ್ಲಿಲ್ವಲ್ಲ ಅಂತ ಅನ್ನಿಸ್ತಿತ್ತು ಅಷ್ಟೇ." ಒಂದು ಬಲಿತ ಕಾಯನ್ನು ಮುರಿದು ನೋಡಿ ಪಕ್ಕಕ್ಕಿಟ್ಟರು. "ಆವತ್ತೇ ಅಂದ್ಕೊಂಡೆ. ಇನ್ಮೇಲೆ ಕೊನೇಲಿ ನಾನೇ. ನನ್ನ ಹಿಂದೆ ಯಾರೂ ಉಳಿಯಂಗಿಲ್ಲ."

ಗುಂಪಿನಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಯಾರಿಗಾದರೂ ಕೈಲಾಗದೆ ವಾಪಸ್ಸು ಹೊರಟರೆ ಅವರ ಜೊತೆ ಹೋಗಬೇಕಾದವರು ಕೊನೆಯವರೇ. ಅದರಿಂದ ಅಕ್ಕನಿಗೆ ಒಂದು ತುಂಡು ಬಾಕಿ ಉಳಿದುಹೋಗಿತ್ತು. ಇಡೀ ದಾರಿಯಲ್ಲೇ ಅತ್ಯಂತ ಒರಟಾದ, ಊರೂ ರಸ್ತೆಯೂ ಫೋನೂ ಇಲ್ಲದ ತುಂಡು ಅದು. ಒಮ್ಮೆ ಹೋದಾಗ ಸರಸ್ವತಿಪುರಂ ಮೇಡಮ್ಮಿನ ಮಂಡಿ ಊದಿಕೊಂಡಿತು, ಅಕ್ಕ ಅವರೊಂದಿಗೆ ಇಳಿದರು. ಆ ಸಲ ಮಳೆಗೆ ಉಳಿದವರೂ ಅರ್ಧಕ್ಕೇ ಬಿಟ್ಟುಬಂದಿದ್ದರಿಂದ ಇನ್ನೊಮ್ಮೆ ಅಲ್ಲಿಗೇ ಹೋದಾಗ ಹೊಸಬರೊಬ್ಬರಿಗೆ ಜ್ವರ ಬಂತು, ಆಗಲೂ ಅಕ್ಕನೇ ಇಳಿದರು. ಉಳಿದವರು ಅದನ್ನು ದಾಟಿ, ಮುಂದಿನ ತುಂಡುಗಳನ್ನೂ ಮುಗಿಸಿದರು. ಅಕ್ಕ ಮುಂದಿನದೆಲ್ಲವನ್ನೂ ನಡೆದವರೇ, ನಡುವೆ ಅದೊಂದು ಮಾತ್ರ ಖಾಲಿ. "ಸೀರೆಗೆ ಫಾಲ್ ಹಾಕ್ಬೇಕಾದ್ರೆ ನಡುವೆ ಒಂದು ಗೇಣು ಬಿಟ್ಟೋದಂಗೆ ಆಗಿದೆ ಕಣೇ" ಎನ್ನುತ್ತಿದ್ದರು. ನಕ್ಕುಕೊಂಡೇ ಹೇಳುತ್ತಿದ್ದರು, ಆದರೆ ಆ ಮಾತು ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ಕೊನೆಗೆ ಬನ್ನಿಮಂಟಪವೇ, "ಅಕ್ಕನಿಗೋಸ್ಕರ ಆ ತುಂಡನ್ನ ಇನ್ನೊಂದ್ಸಲ ನಡೆದ್ಬುಡಾಣ ಕಣ್ರೀ" ಎಂದು ಹೇಳಿ ಎಲ್ಲರನ್ನೂ ಒಪ್ಪಿಸಿದರು.

ಹೊರಡುವ ಮುಂಚೆ ಒಂದು ಬೆಳಿಗ್ಗೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆವು, ನಾವಿಬ್ಬರೇ. ತುಂತುರು ಮಳೆ. ಆಟಕ್ಕೆಂದು ನಾನು "ಕುವೆಂಪುನಗರಾ!" ಎಂದು ಕೂಗಿದೆ. ಹಿಂದಿನಿಂದ ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲ. ಗಾಬರಿಯಿಂದ ತಿರುಗಿದರೆ ನಾಲ್ಕು ಮೆಟ್ಟಿಲು ಕೆಳಗೇ ಇದ್ದಾರೆ, ಕಾಲಡಿ ನೋಡುತ್ತಾ ಹತ್ತುತ್ತಿದ್ದಾರೆ. ನನ್ನ ಮುಖ ಕಂಡ ತಕ್ಷಣ ಅವರ ಬಾಯಿಂದ "ಲಾಸ್ಟ್ ಸ್ಟಾಪ್" ಬಂತು. ನಾನು ಎರಡು ಮೆಟ್ಟಿಲು ಕೆಳಗಿಳಿದೆ.

"ಕಂಡುಹಿಡಿದ್ಬುಟ್ಯಾ?" ಎಂದು ಮೆಟ್ಟಿಲ ಮೇಲೆ ಕುಳಿತರು. ತಲೆಗೆ ಕಟ್ಟಿದ್ದ ಸ್ಕಾರ್ಫ್ ಸರಿಸಿ ಬರಿಗಿವಿ ತೋರಿಸಿದರು. ಜೇಬಿನಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ, ಅದರೊಳಗೆ ಹಾಲಿನ ಕವರ್, ಕವರಿನೊಳಗೆ ಕಿವಿಯ ಮಿಷನ್. "ಮಳೇಲಿ ಹಾಕ್ಕೊಳ್ಳಂಗಿಲ್ಲ, ನೀರು ಬಿದ್ರೆ ಕೆಟ್ಟೋಗುತ್ತೆ. ಇಷ್ಟು ವರ್ಷ ಊರೋರ ಮಾತೆಲ್ಲ ಕೇಳೀ ಕೇಳೀ ಕಿವಿ ತುಂಬೋಯ್ತು ಅಂತ ಕಾಣುತ್ತೆ."

"ಹಾಗಾದ್ರೆ ಮಂಜಲ್ಲಿ ಹೇಗೆ ಕೂಗ್ತೀರ?" ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಹತ್ತಿರಾನೇ ನಡೀತಾ, ನಿನ್ನ ಬೆನ್ನು ನೋಡ್ಕೊಂಡು. ನೀನು ಕೂಗ್ಬೇಕಾದ್ರೆ ಹೆಗಲು ಮೇಲೆತ್ತುತ್ತೀಯ. ಅದೇ ನಂಗೆ ರಿಂಗು." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಯಾರ್ಗೂ ಹೇಳ್ಬೇಡ ಕಣೇ. ಹೇಳಿದ್ರೆ ಕರ್ಕೊಂಡೋಗಲ್ಲ. ಅದೊಂದು ತುಂಡು ಮುಗಿಸ್ಬುಡ್ತೀನಿ, ಆಮೇಲೆ ಶೂ ಬಿಚ್ಚಿಟ್ಬುಡ್ತೀನಿ."

ನಾನು ಹೇಳಲಿಲ್ಲ. ನನ್ನ ಪಾಡಿಗೆ, ಕೂಗುವಾಗ ಹೆಗಲನ್ನು ಇನ್ನಷ್ಟು ಮೇಲಕ್ಕೆತ್ತುವುದನ್ನು ಅಭ್ಯಾಸ ಮಾಡಿಕೊಂಡೆ. ಬ್ಯಾಂಕಿನಲ್ಲಿ ಕುಳಿತಾಗಲೂ ಹೆಗಲು ಎತ್ತುತ್ತಿದ್ದೆನಂತೆ. ಪಕ್ಕದ ಕೌಂಟರಿನಾಕೆ ಕುತ್ತಿಗೆ ನೋವಾ ಎಂದು ಕೇಳಿದಳು.

ಆ ದಸರೆಯಲ್ಲಿ ಹೋದೆವು. ಅರಣ್ಯ ಇಲಾಖೆಯಿಂದ ಅನುಮತಿ ಪಡೆದು, ಆ ಕಡೆಯವರೇ ಒಬ್ಬ ಮಾರ್ಗದರ್ಶಿಯನ್ನು ಕರೆದುಕೊಂಡು. ಮೊದಲ ದಿನ ಮಳೆ ಬಿಟ್ಟು ಬಿಟ್ಟು ಬಂತು. ಎರಡನೆಯ ದಿನ ಬಿಡಲೇ ಇಲ್ಲ. ಹುಲ್ಲುಗುಡ್ಡ, ಕಾಡು, ಮತ್ತೆ ಹುಲ್ಲುಗುಡ್ಡ. ದಾರಿ ಎಂಬುದು ಕಾಲಡಿಯ ಒಂದು ಕೆಂಪು ನೀರಿನ ಗೀಟು ಅಷ್ಟೇ. ಬಟ್ಟೆ, ಚರ್ಮ, ಎಲ್ಲ ಒಂದೇ ಒದ್ದೆಯಾಗಿ, ಎಲ್ಲಿಯವರೆಗೆ ನಾನು, ಎಲ್ಲಿಂದಾಚೆ ಮಳೆ ಎಂಬುದೇ ತಿಳಿಯದಾಗಿತ್ತು. ಮಳೆಯನ್ನು ಬೈಯುವುದನ್ನೂ ಮರೆತಿದ್ದೆ. ಅಕ್ಕ ಹೇಳುತ್ತಿದ್ದ ನೆನೆಯೋದು ಕಲಿಯೋದು ಅಂದರೆ ಇದೇ ಇರಬೇಕು.

ಬೆಳಿಗ್ಗೆ ಹೊರಡುವಾಗಲೇ ಮಾರ್ಗದರ್ಶಿ ಹೇಳಿದ್ದರು: ಮುಂದೆ ಒಂದು ಹಳ್ಳ ಸಿಗುತ್ತದೆ. ಸಾಕೆನಿಸಿದವರು ಅಲ್ಲಿಂದ ಕೆಳಗಿನ ಎಸ್ಟೇಟ್ ರಸ್ತೆಗೆ ಇಳಿಯಬಹುದು. ಅದನ್ನು ದಾಟಿದರೆ ಬಂಡೆಯಂಚಿನ ದಾರಿ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಿ ಹಿಂದಿನಿಂದ ಕೂಗು ಬಾರದೆ ಯಾರೂ ಮುಂದೆ ಹೋಗುವಂತಿಲ್ಲ, ಯಾರಾದರೂ ಜಾರಿದರೆ ತಿಳಿಯುವುದು ಆ ಕೂಗಿನಿಂದಲೇ.

ಹಳ್ಳ ದಾಟಿ, ನಾಲ್ಕಾರು ಮಾರು ಏರಿದ ಮೇಲೆ ಕೂಗು ಬಂತು. ಬನ್ನಿಮಂಟಪ, ಸರಸ್ವತಿಪುರಂ, ಹೆಬ್ಬಾಳು. ನಾನು ಹೆಗಲೆತ್ತಿ "ಕುವೆಂಪುನಗರಾ" ಎಂದೆ. ಹಿಂದೆ ಬರಿಯ ನೀರಿನ ಸದ್ದು. ತಿರುಗಿ ನೋಡಿದೆ. ಬೆಳ್ಳಗಿನ ಮಂಜು, ಯಾರೂ ಇಲ್ಲ. ಮುಂದಿನಿಂದ ಮತ್ತೊಮ್ಮೆ ಕೂಗು ಬಂತು. ಬೇರೆ ಯಾರಾದರೂ ಆಗಿದ್ದರೆ ಕೂಗಿ ಕರೆಯಬಹುದಿತ್ತು. ಅವರನ್ನು ಕೂಗಿ ಏನು ಪ್ರಯೋಜನ?

"ಅಕ್ಕ ಜಿಗಣೆ ಕೀಳ್ತಾ ಇರ್ಬೇಕು. ಕರ್ಕೊಂಡು ಬರ್ತೀನಿ, ನಿಂತಿರಿ" ಎಂದು ಹೆಬ್ಬಾಳಿಗೆ ಹೇಳಿ ಕೆಳಗಿಳಿದೆ.

ಹಳ್ಳದ ಆಚೆ ದಡದ ಕಲ್ಲಿನ ಮೇಲೆ ಅಕ್ಕ ಕುಳಿತಿದ್ದರು. ಒಂದು ಶೂವಿನ ಅಟ್ಟೆ ನೀರಿಗೆ ನೆನೆದು ಕಿತ್ತು ಬಂದಿತ್ತು. ಹಾಲಿನ ಕವರ್‌ಗಳನ್ನು ಹಗ್ಗದ ಹಾಗೆ ಹೊಸೆದು ಅದನ್ನು ಪಾದಕ್ಕೆ ಬಿಗಿಯುತ್ತಿದ್ದರು. ಒಂದು ಸುತ್ತು ಬಿಗಿಯುವರು, ತಲೆಯೆತ್ತಿ ಮಂಜಿನ ಕಡೆ "ಲಾಸ್ಟ್ ಸ್ಟಾಪ್" ಎನ್ನುವರು. ಅದೇ ಶಾಂತವಾದ, ಆಪರೇಟರಿನ ದನಿ. ಆಮೇಲೆ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕಾಯುವರು, ಆಚೆಯವರು ಲೈನಿಗೆ ಬರುತ್ತಾರೆ ಎಂಬಂತೆ. ಬಂದರೂ ತನಗೆ ಕೇಳಿಸದು ಎಂಬುದು ಅವರಿಗೆ ಗೊತ್ತಿತ್ತು. ಆದರೂ ಕಾಯುವರು. ಮತ್ತೆ ಬಗ್ಗಿ ಇನ್ನೊಂದು ಸುತ್ತು, ಮತ್ತೆ "ಲಾಸ್ಟ್ ಸ್ಟಾಪ್".

ನನಗೆ ತಕ್ಷಣ ಹತ್ತಿರ ಹೋಗಲಾಗಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ಅತ್ತುಬಿಟ್ಟೆ. ಮಳೆಯಲ್ಲಿ ಅದೊಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

ಹೆಗಲು ಮುಟ್ಟಿದಾಗ ಬೆಚ್ಚಿ ನೋಡಿದರು. "ಬಂದ್ಯಾ? ನಾನು ಕೂಗ್ತಾನೇ ಇದ್ದೆ. ಕೇಳಿಸ್ತಾ?"

"ಕೇಳಿಸ್ತು ಅಕ್ಕ."

"ಸುಳ್ಳಿ. ತುಟಿ ನೋಡಿ ಮಾತು ತಿಳ್ಕೊಳ್ಳೋರಿಗೆ ಸುಳ್ಳು ಬೇಗ ಕಾಣುತ್ತೆ" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಮುಂದೆ ಬಂಡೆಯಂಚಿದೆ. ನಂಗೆ ಕೇಳಿಸ್ದೆ ನಾನು ಸುಮ್ನೆ ಅಂದಾಜಲ್ಲಿ ಕೂಗಿ, ಯಾರ್ಗಾದ್ರೂ ಏನಾದ್ರೂ ಆದ್ರೆ? ಬನ್ನಿಮಂಟಪಕ್ಕೆ ಹೇಳ್ಬುಡು. ನಾನು ಇಲ್ಲಿಂದ ಇಳ್ಕೊಂಡೋಗ್ತೀನಿ."

ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ಎಸ್ಟೇಟಿನ ಕಡೆ ಇಳಿಯುವ ದಾರಿಯನ್ನು ನೋಡುತ್ತಿದ್ದರು. ಅದೇ ದಾರಿ, ಎರಡು ಸಲ ಬೇರೆಯವರಿಗಾಗಿ ಇಳಿದದ್ದು.

ನಾನು ಅವರ ಮುಖವನ್ನು ನನ್ನ ಕಡೆ ತಿರುಗಿಸಿದೆ. "ನೀವು ನನ್ನ ಮುಂದೆ ನಡೀರಿ. ನಾನು ಕೊನೇಲಿ ಬರ್ತೀನಿ. ಕೂಗು ಬಂದಾಗ ನಿಮ್ಮ ಬ್ಯಾಗ್ ತಟ್ತೀನಿ, ನೀವು ಕೂಗಿ. ಯಾರ್ಗೂ ಗೊತ್ತಾಗಲ್ಲ."

"ಆಗಲ್ಲ ಕಣೇ. ಬೆನ್ನ ಹಿಂದೆ ಯಾರೋ ಇದ್ರೆ ನಂಗೆ ಕಾಲೇ ಏಳಲ್ಲ. ಅಲ್ಲಿ ಖಾಲಿ ಇರ್ಬೇಕು. ಆಗ್ಲೇ ಎಲ್ರೂ ಮುಂದಿದ್ದಾರೆ ಅಂತ ನಂಗೆ ಧೈರ್ಯ."

ನನಗೆ ಸಿಟ್ಟು ಬಂತು. ಅವರ ಮೇಲೆ ಅಂಥ ಸಿಟ್ಟು ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. "ಹಿಂದೆ ಉಳಿದೋರ್ನ ನೋಡ್ಕೊಳ್ಳೋ ಗುತ್ತಿಗೆ ನಿಮಗೊಬ್ರಿಗೇ ಕೊಟ್ಟಿದ್ದಾರಾ? ನೀವು ಉಳ್ಕೊಂಡ್ರೆ ಯಾರು ನೋಡ್ಬೇಕು ಅಂತ ಒಂದು ದಿನನಾದ್ರೂ ಯೋಚ್ನೆ ಮಾಡಿದ್ದೀರಾ? ಇಷ್ಟೊತ್ತು ನಾನು ಮೇಲೆ ನಿಂತು ಸತ್ತೇಹೋಗಿದ್ದೆ!"

ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಸಿಟ್ಟಿನಲ್ಲಿ ತುಟಿ ಸರಿಯಾಗಿ ಆಡಿರಲಾರದು. ಆಮೇಲೆ ಕವರಿನ ಗಂಟನ್ನು ಬಿಗಿದು ಎದ್ದರು.

"ನಡಿ. ಹಿಂದೆ ನೀನು."

ಬಂಡೆಯಂಚು ನನಗೆ ಈಗ ಕನಸಿನಂತೆಯೇ ನೆನಪಿದೆ. ಎಡಗಡೆ ನೀರು ಸೋರುವ ಕಪ್ಪು ಗೋಡೆ. ಅದರ ಮೈಯೆಲ್ಲ ಬೆರಳುಗುರಿನಷ್ಟು ಪುಟ್ಟ ನೇರಳೆ ಹೂಗಳು. ಬಲಗಡೆ ಬರಿಯ ಬಿಳುಪು. ಆಳ ಕಾಣಿಸದಿದ್ದುದರಿಂದ ಹೆದರಿಕೆಯೂ ಆಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ನಡೆಯುತ್ತಿದ್ದೇನೆ, ಬಿದ್ದರೆ ಹತ್ತಿಯ ಮೇಲೆ ಬೀಳುತ್ತೇನೆ ಎನ್ನಿಸುತ್ತಿತ್ತು. ನನ್ನ ಮುಂದೆ ಅಕ್ಕನ ನೀಲಿ ಬ್ಯಾಗು. ಒಂದು ಕಾಲಿನ ಶೂವಿನಿಂದ ಹಾಲಿನ ಕವರಿನ ತುದಿಗಳು ಹೆಜ್ಜೆಗೊಮ್ಮೆ ಚರಪರ ಎನ್ನುತ್ತಿದ್ದವು. ಮುಂದಿನಿಂದ ಕೂಗು ಬರುವುದು. ಹೆಬ್ಬಾಳು ಎಂದದ್ದು ಕೇಳಿಸಿದರೆ ನಾನು ಕುವೆಂಪುನಗರ ಎಂದು ಕೂಗಿ, ಕೈ ಚಾಚಿ ಬ್ಯಾಗಿನ ಮೇಲೆ ತಟ್ಟುವುದು. ನನ್ನ ಮುಂದಿನಿಂದಲೇ, ಒಂಚೂರೂ ನಡುಗದೆ, "ಲಾಸ್ಟ್ ಸ್ಟಾಪ್". ಸಾಲು ಮುಂದೆ ಸಾಗುವುದು. ನನ್ನ ಹಿಂದೆ ಯಾರೂ ಇಲ್ಲ ಎಂಬುದು ಬೆನ್ನಿನ ಮೇಲೆ ತಣ್ಣಗೆ ಕುಳಿತಿತ್ತು. ಇದನ್ನು ಅವರು ಇಷ್ಟು ವರ್ಷ ಹೇಗೆ ಹೊತ್ತು ನಡೆದರೋ ಎನ್ನಿಸಿತು.

ಅಂಚು ಮುಗಿದು ಬಯಲು ಬಂತು. ಹುಲ್ಲಿನ ನಡುವೆ ಒಂದು ತಗಡಿನ ಶೆಡ್ಡು. ಈ ತುಂಡು ಮುಗಿಯುವುದು ಅಲ್ಲಿಯೇ. ಯಾವ ವರ್ಷವೂ ಅಷ್ಟೇ, ತಲುಪಿದ ಮೇಲೆ ಅಕ್ಕ ಕುಳಿತುಕೊಳ್ಳುವ ಮುಂಚೆ, ಟೀ ಮುಟ್ಟುವ ಮುಂಚೆ, ಒಂದು ಮಾತು ಕೇಳುವರು: "ಎಲ್ರೂ ಬಂದ್ರಾ?" ಆ ದಿನ ಅವರು ಶೆಡ್ಡಿನ ಬಾಗಿಲಲ್ಲಿ ನಿಂತು, ಮುಂದೆ ಇದ್ದವರನ್ನು ಬಿಟ್ಟು, ತಿರುಗಿ ನನ್ನನ್ನು ನೋಡಿದರು.

"ಎಲ್ರೂ ಬಂದ್ರಾ?"

"ಬಂದ್ವಿ ಅಕ್ಕ."

ಅವರ ಕಣ್ಣು ತುಂಬಿತ್ತು. ನನ್ನ ಕಿವಿಯ ಹತ್ತಿರ ಬಂದು, ಬೇರೆಯವರಿಗೆ ಕೇಳಿಸಬಾರದೆಂದು ಮೆಲ್ಲಗೆ ಹೇಳಿದರು. "ಬೆನ್ನು ಬೆಚ್ಚಗಿತ್ತು ಕಣೇ. ಹಿಂಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಟೀ ಕುಡಿಯುತ್ತಾ ಬನ್ನಿಮಂಟಪ, "ಅಕ್ಕಾ, ಇವತ್ತು ನಿಮ್ಮ ವಾಯ್ಸು ತೀರಾ ಹತ್ರ ಕೇಳಿಸ್ತಿತ್ತಲ್ಲಾ?" ಎಂದರು. ಅಕ್ಕ ಅವರ ತುಟಿಗಳನ್ನೇ ನೋಡುತ್ತಿದ್ದು, "ಇವತ್ತು ಲೈನ್ ಚೆನ್ನಾಗಿತ್ತು ಕಣಪ್ಪ" ಎಂದು ಗ್ಲಾಸು ಮುಂದೆ ಚಾಚಿದರು. ಅಟ್ಟೆ ಹೋದ ಆ ಶೂವನ್ನು ಅಲ್ಲೇ ಎಸೆಯಲು ಹೇಳಿದೆವು. ಒಪ್ಪಲಿಲ್ಲ. ಮೈಸೂರಿಗೆ ತಂದು, ತೊಳೆದು, ಹಾಲಿನ ಕವರ್‌ಗಳ ಪಕ್ಕದಲ್ಲಿ ತಂತಿಗೆ ನೇತುಹಾಕಿದರು.

ಹೇಳಿದ ಹಾಗೆಯೇ ಮತ್ತೆ ಶೂ ಕಟ್ಟಲಿಲ್ಲ. ಆ ಚಳಿಗಾಲದಲ್ಲಿ ಮಗಳು ವಿಜಯನಗರದ ತನ್ನ ಮನೆಗೆ ಕರೆದುಕೊಂಡು ಹೋದಳು. ಮಿಷನ್ ಹಾಕಿದರೂ ಕೇಳಿಸದ ಸ್ಥಿತಿ ಬಂತು, ಆಮೇಲೆ ಕಾಯಿಲೆ ಬಂತು. ಕೊನೆಯ ಸಲ ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಬಂದದ್ದು ತಿಳಿಯುವಂತಿರಲಿಲ್ಲ. ಮಗಳು, "ಎಬ್ಬಿಸ್ಬೇಡಿ ಆಂಟಿ, ರಾತ್ರಿಯೆಲ್ಲ ನಿದ್ದೆ ಇಲ್ಲ" ಎಂದಳು. ಎಬ್ಬಿಸಬಾರದೆಂದೇ ಇದ್ದೆ. ಆದರೆ ಅವರ ಬೆನ್ನು ನನ್ನ ಕಡೆಗಿತ್ತು. ಕೈ ಕೇಳಲಿಲ್ಲ. ಮೆಲ್ಲಗೆ ತಟ್ಟಿದೆ.

ಅವರು ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡೇ, ಗೋಡೆಗೆ ಹೇಳುವಂತೆ, "ಲಾಸ್ಟ್ ಸ್ಟಾಪ್" ಎಂದರು. ಮಗಳು ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಹೊದಿಕೆಯನ್ನು ಅಕ್ಕನ ಹೆಗಲ ತನಕ ಎಳೆದೆ.

ಹೋದ ವರ್ಷ ನಮ್ಮಲ್ಲಿ ಯಾರಿಗೂ ಹೊರಡಲಾಗಲಿಲ್ಲ. ಈ ದಸರೆಯಲ್ಲಿ ಹೋದೆವು, ದಾರಿಯ ಮುಂದಿನ ತುಂಡಿಗೆ, ಅಕ್ಕ ಇಲ್ಲದೆ ಮೊದಲ ಸಲ. ಕೊನೆಯಲ್ಲಿ ಯಾರು ಬರುವುದೆಂಬ ಚರ್ಚೆ ಆಗಲಿಲ್ಲ. ನಡೆಯಲು ಶುರು ಮಾಡಿದಾಗ ನಾನೇ ಸುಮ್ಮನೆ ಹಿಂದಕ್ಕೆ ಉಳಿದೆ. ನನ್ನ ಬ್ಯಾಗಿನಲ್ಲಿ ಎಲ್ಲವೂ ಹಾಲಿನ ಕವರಿನೊಳಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮಳೆ ಹಿಡಿಯಿತು, ಹಿಂದೆಯೇ ಮಂಜು ಇಳಿಯಿತು. ಮುಂದಿನಿಂದ "ಬನ್ನಿಮಂಟಪಾ" ಎಂದು ಬಂತು. ಸರಸ್ವತಿಪುರಂ ಎಂದಿತು. ಒಂದೊಂದಾಗಿ ಬಡಾವಣೆಗಳು ನನ್ನ ಕಡೆ ಬಂದವು. ಹೆಬ್ಬಾಳು ಎಂದಿತು. ನಾನು ಹೆಗಲೆತ್ತಿ ಕೂಗಿದೆ.

"ಕುವೆಂಪುನಗರಾ!"

ಇನ್ನು ಯಾರೂ ಇರಲಿಲ್ಲ. ಅದು ಮುಂದಿದ್ದವರೆಲ್ಲರಿಗೂ ಗೊತ್ತಿತ್ತು. ಆದರೂ ಸಾಲು ಕದಲಲಿಲ್ಲ. ಉತ್ತರ ತಡವಾದರೆ ಮತ್ತೆ ಕೂಗುವ ಆ ದೊಡ್ಡ ಗಂಟಲಿನ ಮನುಷ್ಯ ಎರಡನೇ ಸಲ ಕೂಗಲಿಲ್ಲ. ಮಳೆಯಲ್ಲಿ ಎಲ್ಲರೂ ನಿಂತಿದ್ದೆವು, ಹಿಂದಿನಿಂದ ಇನ್ನೊಂದು ದನಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಗಿ, ನೀಲಿ ಬ್ಯಾಗು ಇರಬೇಕಾದ ಕಡೆ ಮಂಜನ್ನು ತಟ್ಟಿತು.

ಆಮೇಲೆ ಮುಂದಿನವರು ಹೆಜ್ಜೆ ಎತ್ತಿದರು.